ಚಕ್ಕಡಿಯಿಂದ ಕಾರಿನವರೆಗೆ: ಮನೆಯಲ್ಲೇ ಗಾಡಿ ಕಟ್ಟಿದ ಗಡಿನಾಡು

ಬಿಡಿಭಾಗಗಳನ್ನು ಕೊಂಡು ತಂದು ಮನೆಮಂದಿಯೆಲ್ಲ ಸೇರಿ ಜೋಡಿಸುವ ಕಿಟ್ ಕಾರು ಇಂಗ್ಲೆಂಡಿನವರ ಹವ್ಯಾಸವೆಂದೇ ಹೆಸರಾಗಿದೆ. 1957ರಲ್ಲಿ ಬಂದ ಲೋಟಸ್ ಸೆವೆನ್ ಅಲ್ಲಿ ಈ ರೂಢಿಯನ್ನು ಬೆಳೆಸಿತು. ಪೂರ್ತಿ ತಯಾರಾದ ಕಾರಿಗೆ ಖರೀದಿ ತೆರಿಗೆ ಇತ್ತು. ಬಿಡಿಯಾಗಿ ಒಯ್ದು ಮನೆಯಲ್ಲಿ ಜೋಡಿಸಿಕೊಂಡವರಿಗೆ ಅದು ತಪ್ಪುತ್ತಿತ್ತು. 1973ರಲ್ಲಿ ತೆರಿಗೆ ಪದ್ಧತಿ ಬದಲಾಗಿ ಆ ಉಳಿತಾಯ ಹೋಯಿತು, ರೂಢಿ ಮಾತ್ರ ಉಳಿಯಿತು. ಇಷ್ಟನ್ನೇ ನೋಡಿದರೆ ಇದು ನಮ್ಮ ನಾಡಿಗೆ ದೂರದ ಮಾತು ಅನಿಸಬಹುದು. ಆದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಬಯಲಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಸಂಚಾರದ ಸಾಧನವನ್ನು ಮನೆಯಂಗಳದಲ್ಲೇ ಕಟ್ಟುವುದು ತಲೆತಲಾಂತರದ ಕಸುಬಾಗಿತ್ತು. ಆ ಕೈಗಾರಿಕೆ ಇಂದಿಗೂ ಸತ್ತಿಲ್ಲ. ಅದಕ್ಕೆ ಕಾನೂನಿನಲ್ಲಿ ದಾರಿ ಸಿಕ್ಕಿಲ್ಲ ಎಂಬುದೇ ನನ್ನ ವಾದ.

ಚಕ್ಕಡಿಯ ಗಾಲಿಯೊಂದನ್ನೇ ನೋಡಿ. ಬಡಿಗೇರರ ಮನೆಯಲ್ಲಿ ಚೆನ್ನಾಗಿ ಒಣಗಿದ ಜಾಲಿಯಂಥ ಗಟ್ಟಿ ಮರದಿಂದ ಗುಂಬ ಕೊರೆದು, ಅದಕ್ಕೆ ಕಾಲುಗಳನ್ನು ನೆಟ್ಟು, ಸುತ್ತಲೂ ಬಾಗಿದ ಮರದ ತುಂಡುಗಳನ್ನು ಕೂಡಿಸುತ್ತಿದ್ದರು. ಆಮೇಲಿನ ಕೆಲಸ ಕಂಬಾರನದು. ಗಾಲಿಯ ಸುತ್ತಳತೆಗಿಂತ ತುಸು ಕಿರಿದಾಗಿ ಬೆಸೆದ ಕಬ್ಬಿಣದ ಹಳಿಯನ್ನು ನೆಲದ ಮೇಲಿಟ್ಟು, ಸುತ್ತ ಕುಳ್ಳು ಒಟ್ಟಿ ಬೆಂಕಿ ಹಾಕುತ್ತಿದ್ದರು. ಹಳಿ ಕೆಂಪಗೆ ಕಾದು ಹಿಗ್ಗಿದಾಗ ಮೂರು ನಾಲ್ಕು ಮಂದಿ ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸಿ, ಸುತ್ತಿಗೆಯಿಂದ ಬಡಿದು ಕೂಡಿಸಿ, ಮರ ಹೊತ್ತಿಕೊಳ್ಳುವ ಮೊದಲೇ ನೀರು ಸುರಿಯಬೇಕು. ಹಳಿ ತಣ್ಣಗಾಗಿ ಕುಗ್ಗುತ್ತಲೇ ಮರದ ಸಂದುಗಳೆಲ್ಲ ಬಿಗಿದು, ಗಾಲಿ ಒಂದೇ ಕಟ್ಟಾಗಿ ನಿಲ್ಲುತ್ತದೆ. ಇದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ತಿದಿ ಒತ್ತುವವರು, ನೀರು ತರುವವರು, ಹಳಿ ಹಿಡಿಯುವವರು ಎಲ್ಲರೂ ಬೇಕು. ಅಥಣಿಯ ಚಪ್ಪಲಿ ಕಸುಬಿನಲ್ಲಿ ತೊಗಲು ಕತ್ತರಿಸುವುದರಿಂದ ಹಿಡಿದು ಹೆಣಿಗೆಯವರೆಗೆ ಕೆಲಸಗಳು ಮನೆಯೊಳಗೇ ಹಂಚಿಹೋಗುವಂತೆ, ಇಲ್ಲಿಯೂ ಮನೆತನವೇ ಕಾರ್ಖಾನೆಯಾಗಿತ್ತು. ಹಾಗೆ ತಯಾರಾದ ಚಕ್ಕಡಿ ನಿಪ್ಪಾಣಿ ಪೇಟೆಗೆ ತಂಬಾಕು ಹೇರಿತು, ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಮನೆಮಂದಿಯನ್ನೆಲ್ಲ ಒಯ್ದಿತು.

ಚಕ್ಕಡಿ ಎಲ್ಲಿ, ಎಂಜಿನ್ನಿನ ಕಾರು ಎಲ್ಲಿ ಎಂದು ಯಾರಾದರೂ ಕೇಳಬಹುದು. ಆದರೆ ಕಿಟ್ ಕಾರು ಕಟ್ಟುವವನೂ ಎಂಜಿನ್ ಎರಕ ಹೊಯ್ಯುವುದಿಲ್ಲ. ಎಂಜಿನ್, ಗೇರ್‌ಬಾಕ್ಸ್ ಕೊಂಡು ತಂದು ಚೌಕಟ್ಟಿಗೆ ಕೂಡಿಸುತ್ತಾನೆ. ಗಾಳಿ ಟೈರಿನ ಗಾಡಿ ಬಂದಾಗ ನಮ್ಮ ಹಳ್ಳಿಗಳಲ್ಲಿ ನಡೆದದ್ದೂ ಅದೇ. ಆಕ್ಸಲ್, ಬೇರಿಂಗ್, ಟೈರು ಪೇಟೆಯಿಂದ ಬಂದವು; ಮೇಲಿನ ಗಾಡಿಯನ್ನು ಊರಿನ ಬಡಿಗೇರನೋ ಕಂಬಾರನೋ ಕಟ್ಟಿದ. 1939ರಲ್ಲಿ ಉಗಾರ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಗಿ, ಮುಂದೆ ಸುತ್ತಲೂ ಇನ್ನಷ್ಟು ಕಾರ್ಖಾನೆಗಳು ಎದ್ದಂತೆ ಕಬ್ಬು ಹೇರಲು ಇಂಥ ಗಾಡಿಗಳು, ಆಮೇಲೆ ಟ್ರ್ಯಾಕ್ಟರ್ ಟ್ರೇಲರ್‌ಗಳು ಬೇಕಾದವು. ವೆಲ್ಡಿಂಗ್ ಅಂಗಡಿ ಕುಲುಮೆಯ ಜಾಗಕ್ಕೆ ಬಂತು. ದುರಸ್ತಿಯಿಂದ ತಯಾರಿಕೆಗೆ ಏರುವ ಈ ಹಾದಿಗೆ ಬೆಳಗಾವಿಯಲ್ಲಿ ದೊಡ್ಡ ನಿದರ್ಶನವೇ ಇದೆ. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಅಣ್ಣನ ಜೊತೆಗೂಡಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಅದೇ ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳ ತಯಾರಿಕೆಯಾಗಿ, 1910ರಲ್ಲಿ ಕುಂಡಲ್ ಬಳಿಯ ಕಿರ್ಲೋಸ್ಕರವಾಡಿಯಾಯಿತು.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಇಂಗ್ಲೆಂಡಿನ ಕುಟುಂಬ ಬಿಡುವಿನ ವೇಳೆಯಲ್ಲಿ ತಾನಾಗಿ ಬಯಸಿ ಕಾರು ಕಟ್ಟಿತು. ನಮ್ಮಲ್ಲಿ ಜಾತಿ ಕಟ್ಟಿಕೊಟ್ಟ ಕಸುಬನ್ನು ವರ್ಷಕ್ಕೊಮ್ಮೆ ಸಿಗುವ ಕಾಳಿನ ಆಯಕ್ಕಾಗಿ ಮಾಡಬೇಕಾಯಿತು. ಇದು ನಿಜ, ಇದನ್ನು ಮರೆಮಾಚಬಾರದು. ಆ ವ್ಯವಸ್ಥೆ ಮರಳಿ ಬರಲಿ ಎಂದು ಯಾರೂ ಬಯಸಬೇಕಾಗಿಲ್ಲ. ಆದರೆ ಹುಟ್ಟಿನ ಕಟ್ಟು ಸಡಿಲಿದರೆ ವಿದ್ಯೆಯೂ ಕೈಬಿಡಬೇಕೆಂದೇನಿಲ್ಲ. ಇಂದು ವೆಲ್ಡಿಂಗ್ ಅನ್ನು ಯಾವ ಮನೆಯ ಮಕ್ಕಳಾದರೂ ಐಟಿಐಯಲ್ಲಿ ಕಲಿಯಬಹುದು. ಒಂದು ಜಾತಿಯ ಹೊರೆಯಾಗಿದ್ದದ್ದು ಎಲ್ಲರ ಆಯ್ಕೆಯಾಗುವ ಕಾಲವಿದು.

ಉಳಿದಿರುವುದು ಸುರಕ್ಷತೆಯ ಪ್ರಶ್ನೆ. 2021ರ ಡಿಸೆಂಬರ್‌ನಲ್ಲಿ, ಕಿರ್ಲೋಸ್ಕರವಾಡಿಗೆ ದೂರವಿಲ್ಲದ ದೇವರಾಷ್ಟ್ರೆ ಗ್ರಾಮದ ಕಂಬಾರಿಕೆಯ ಕುಟುಂಬದವರೊಬ್ಬರು ಮಗನ ಆಸೆಗಾಗಿ ಸುಮಾರು 60,000 ರೂಪಾಯಿಯಲ್ಲಿ ಗುಜರಿ ಸಾಮಾನಿನಿಂದ ಜೀಪಿನಂಥ ಗಾಡಿ ಕಟ್ಟಿದ್ದು ದೇಶದ ಗಮನ ಸೆಳೆಯಿತು. ದ್ವಿಚಕ್ರ ವಾಹನದಂತೆ ಕಿಕ್ ಹೊಡೆದು ಅದನ್ನು ಶುರು ಮಾಡಬೇಕಿತ್ತು. ಅದು ನಿಯಮಗಳಿಗೆ ಒಪ್ಪುವುದಿಲ್ಲವೆಂದು ಹೇಳುತ್ತಲೇ ಉದ್ಯಮಿ ಆನಂದ್ ಮಹೀಂದ್ರಾ ಅವರು ಅದರ ಬದಲಿಗೆ ಬೊಲೆರೊ ಕೊಡಲು ಮುಂದಾದರು. 2022ರ ಜನವರಿಯಲ್ಲಿ ಆ ಕುಟುಂಬಕ್ಕೆ ಅದು ಸಿಕ್ಕಿತು. ಉತ್ತರ ಭಾರತದಲ್ಲಿ ಸಿಕ್ಕ ಬಿಡಿಭಾಗಗಳಿಂದ ಜೋಡಿಸುವ ಜುಗಾಡ್ ಗಾಡಿಗಳೂ ನಿಯಮಗಳಿಗೆ ಒಳಪಡುವ ಮೋಟಾರು ವಾಹನಗಳೇ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಬ್ರೇಕು ಹಿಡಿಯದ ಗಾಡಿ ಹೆದ್ದಾರಿಗೆ ಬಂದರೆ ದಾರಿಹೋಕರ ಜೀವಕ್ಕೆ ಕುತ್ತು; ಕಾನೂನಿನ ಎಚ್ಚರಿಕೆ ಸರಿಯಾದದ್ದೇ. ಆದರೆ ನಮ್ಮ ಪರೀಕ್ಷೆಯ ನಿಯಮ ಕಾರ್ಖಾನೆಯನ್ನು ಕಣ್ಣಮುಂದಿಟ್ಟುಕೊಂಡು ರೂಪುಗೊಂಡಿದೆ: ತಯಾರಕ ಮಾದರಿ ವಾಹನವನ್ನು ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಗೆ ಒಪ್ಪಿಸಬೇಕು. ಒಂದೇ ಗಾಡಿ ಕಟ್ಟಿದವನಿಗೆ ಅದು ನಿಲುಕುವಂಥದ್ದಲ್ಲ. ಬ್ರಿಟನ್ ಇದೇ ತೊಡಕನ್ನು 1998ರಲ್ಲಿ ಒಂಟಿ ವಾಹನ ಪರೀಕ್ಷೆಯಿಂದ ಬಿಡಿಸಿಕೊಂಡಿತು. ಬ್ರೇಕು, ದೀಪ, ಸ್ಟಿಯರಿಂಗ್, ಹೊಗೆ ಎಲ್ಲವನ್ನೂ ಆ ಒಂದು ಗಾಡಿಯಲ್ಲೇ ಪರೀಕ್ಷಿಸಿ ನೋಂದಣಿ ಕೊಡುತ್ತದೆ. ಚಿಕ್ಕೋಡಿಯಲ್ಲಿ ಕೆಎ-23 ಸಂಖ್ಯೆ ಕೊಡುವ ಸಾರಿಗೆ ಕಚೇರಿಯೂ ಇದೆ, ಎಂಜಿನಿಯರಿಂಗ್ ಕಾಲೇಜೂ ಇದೆ. ಕೈಗೆಟುಕುವ ಶುಲ್ಕದಲ್ಲಿ, ಕಟ್ಟುನಿಟ್ಟಾಗಿ ನಡೆಯುವ ಅಂಥ ಪರೀಕ್ಷೆಯನ್ನು ಇಲ್ಲಿಯೂ ತರಬೇಕು. ಚಕ್ಕಡಿ ಕಟ್ಟಿದ ಈ ನಾಡಿನ ಮನೆಗಳು ಬಯಸಿದರೆ ಕಾರನ್ನೂ ಕಟ್ಟಬಲ್ಲವು; ಅದಕ್ಕೆ ಬೇಕಿರುವುದು ತಪ್ಪನ್ನು ತಡೆಯುವಷ್ಟೇ ಶ್ರದ್ಧೆಯಿಂದ ಒಳ್ಳೆಯ ಕೆಲಸವನ್ನು ಗುರುತಿಸುವ ಕಾನೂನು.