ವನ್ಯಜೀವಿ ನೆಲೆಗಳ ಪುನಶ್ಚೇತನ: ಶಾಲಾ ಮಕ್ಕಳ ಪಾತ್ರವೇನು?

ಜೂನ್ 5ರ ವಿಶ್ವ ಪರಿಸರ ದಿನ ಹಾಗೂ ಜುಲೈ ಮೊದಲ ವಾರದ ವನಮಹೋತ್ಸವದ ಸಂದರ್ಭದಲ್ಲಿ ರಾಜ್ಯದ ಶಾಲೆಗಳಲ್ಲಿ ಸಸಿ ನೆಡುವ ಸಮಾರಂಭಗಳು ತಪ್ಪದೇ ನಡೆಯುತ್ತವೆ. ಅತಿಥಿಗಳು ಬರುತ್ತಾರೆ, ಭಾಷಣವಾಗುತ್ತದೆ, ಛಾಯಾಚಿತ್ರ ತೆಗೆಯಲಾಗುತ್ತದೆ. ಆದರೆ ಸಸಿಗೆ ನೀರು ಅತ್ಯಗತ್ಯವಾಗುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಶಾಲೆಗೆ ಬೀಗ ಬಿದ್ದಿರುತ್ತದೆ. ಮಕ್ಕಳನ್ನು ವನ್ಯಜೀವಿಗಳ ನೆಲೆ ಉಳಿಸುವ ಕಾರ್ಯದಲ್ಲಿ ತೊಡಗಿಸುವ ಯಾವುದೇ ಯೋಜನೆಯ ಯಶಸ್ಸು ನಿರ್ಧಾರವಾಗುವುದು ಈ ಎರಡು ತಿಂಗಳುಗಳಲ್ಲಿ.

ಕಾನೂನಿನ ಹಿನ್ನೆಲೆ

ವನಮಹೋತ್ಸವಕ್ಕೆ 1950ರಲ್ಲಿ ಚಾಲನೆ ನೀಡಿದವರು ಅಂದಿನ ಕೇಂದ್ರ ಸಚಿವ ಕೆ.ಎಂ. ಮುನ್ಷಿ. 1976ರಲ್ಲಿ ಸಂವಿಧಾನಕ್ಕೆ ತಂದ 42ನೇ ತಿದ್ದುಪಡಿಯು ಅರಣ್ಯ, ಕೆರೆ, ನದಿ ಮತ್ತು ವನ್ಯಜೀವಿಗಳ ರಕ್ಷಣೆಯನ್ನು ನಾಗರಿಕರ ಮೂಲಭೂತ ಕರ್ತವ್ಯಗಳ ಪಟ್ಟಿಗೆ ಸೇರಿಸಿತು. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆಂದು ಸೂಚಿಸಿತು. 2003ರಲ್ಲಿ ಅದರ ಜಾರಿಗೆ ಮತ್ತೆ ನಿರ್ದೇಶನ ನೀಡಿತು. ಕೇಂದ್ರ ಪರಿಸರ ಸಚಿವಾಲಯವು 2001-02ರಲ್ಲಿ ರಾಷ್ಟ್ರೀಯ ಹಸಿರು ಪಡೆ ಯೋಜನೆಯನ್ನು ಆರಂಭಿಸಿ ಶಾಲೆಗಳಲ್ಲಿ ಇಕೋ ಕ್ಲಬ್‌ಗಳ ಸ್ಥಾಪನೆಗೆ ನೆರವು ಒದಗಿಸಿತು. ರಾಜ್ಯ ಅರಣ್ಯ ಇಲಾಖೆಯು ‘ಮಗುವಿಗೊಂದು ಮರ, ಶಾಲೆಗೊಂದು ವನ’ ಹಾಗೂ ‘ಚಿಣ್ಣರ ವನದರ್ಶನ’ ಎಂಬ ಕಾರ್ಯಕ್ರಮಗಳನ್ನು ರೂಪಿಸಿತು. ಹೀಗೆ ಕಾನೂನು, ಯೋಜನೆಗಳಿಗೆ ಕೊರತೆ ಇಲ್ಲ. ಕೊರತೆ ಇರುವುದು ಸ್ಥಳೀಯ ನೆಲೆಯ ಸ್ವರೂಪವನ್ನು ಅರಿತು ಕೆಲಸ ಆಯ್ದುಕೊಳ್ಳುವುದರಲ್ಲಿ.

ಕೊಕ್ಕರೆ ಬೆಳ್ಳೂರಿನ ಪಾಠ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮನೆಯಂಗಳದ ಹುಣಸೆ, ಆಲದಂತಹ ಮರಗಳಲ್ಲಿ ಗೂಡು ಕಟ್ಟುತ್ತವೆ. ಹೆರಿಗೆಗೆಂದು ತವರಿಗೆ ಬಂದ ಮಗಳಂತೆ ಹಕ್ಕಿಗಳನ್ನು ಕಾಣುವುದು ಊರಿನ ಸಂಪ್ರದಾಯ. ಹಿಕ್ಕೆ ಹೊಲಕ್ಕೆ ಗೊಬ್ಬರವೂ ಆಗುತ್ತದೆ. ಆದರೆ ಹುಣಸೆ ಮರ ಹಣ ತರುವ ಮರ. ಹಕ್ಕಿ ಕುಳಿತ ಮರದಿಂದ ಫಸಲು ಕೈಗೆ ಸಿಗುವುದಿಲ್ಲ. ಮರ ಕಡಿದು ಮಾರಿದರೆ ಹಣ ಸಿಗುತ್ತದೆ. ಈ ಕಾರಣಕ್ಕಾಗಿಯೇ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಧನ ನೀಡುವ ಪದ್ಧತಿ ತಂದಿತು.

1990ರ ದಶಕದ ಮಧ್ಯಭಾಗದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗ ವೀಕ್ಷಕರು ಗ್ರಾಮಸ್ಥರೊಡನೆ ಕೆಲಸ ಆರಂಭಿಸಿದರು. ಊರಿನ ಯುವಕರ ‘ಹೆಜ್ಜಾರ್ಲೆ ಬಳಗ’ ರೂಪುಗೊಂಡಿತು. ಗೂಡಿನಿಂದ ಬಿದ್ದ ಮರಿಗಳನ್ನು ಆವರಣದಲ್ಲಿಟ್ಟು ಮೀನು ತಿನ್ನಿಸಿ ಸಾಕುವ ಕೆಲಸ ನಡೆಯಿತು. 2007ರಲ್ಲಿ ಈ ಗ್ರಾಮ ಸಮುದಾಯ ಮೀಸಲು ಪ್ರದೇಶವಾಗಿ ಘೋಷಣೆಯಾಯಿತು. ಇಲ್ಲಿಂದ ಶಾಲೆಗಳು ಕಲಿಯಬೇಕಾದದ್ದು ಇಷ್ಟು: ಹಕ್ಕಿಯನ್ನು ಉಳಿಸಲು ಮರ ಬೇಕು, ಮರ ಉಳಿಯಲು ಅದರ ಮಾಲೀಕನ ಒಪ್ಪಿಗೆ ಬೇಕು, ಹಕ್ಕಿಗೆ ಆಹಾರ ಸಿಗಲು ಸುತ್ತಲಿನ ಕೆರೆಗಳು ಆರೋಗ್ಯವಾಗಿರಬೇಕು. 2017ರ ಕೊನೆ ಮತ್ತು 2018ರ ಆರಂಭದಲ್ಲಿ ಪರಾವಲಂಬಿ ಹುಳುಗಳ ಸೋಂಕಿನಿಂದ ಹೆಜ್ಜಾರ್ಲೆಗಳು ಸತ್ತಾಗ ಈ ಕೊನೆಯ ಮಾತಿನ ಮಹತ್ವ ಎಲ್ಲರಿಗೂ ಅರಿವಾಯಿತು.

ಎಲ್ಲೆಡೆ ಗಿಡ ನೆಡುವುದೇ ಪರಿಹಾರವಲ್ಲ

ಹಸಿರು ಎಂದರೆ ಮರ ಎಂಬ ತಿಳಿವಳಿಕೆ ಕೆಲವೆಡೆ ಹಾನಿಯನ್ನೇ ತರುತ್ತದೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಅಭಯಾರಣ್ಯ 1974ರಲ್ಲಿ ಕೃಷ್ಣಮೃಗಗಳಿಗಾಗಿ ಘೋಷಣೆಯಾದದ್ದು. ಅದರ ಬಹುಭಾಗದಲ್ಲಿ ನೀಲಗಿರಿ ನೆಡುತೋಪು ಎದ್ದಿತು. ಬಯಲಿನಲ್ಲಿ ಓಡಿ ಶತ್ರುವಿನಿಂದ ಪಾರಾಗುವ ಕೃಷ್ಣಮೃಗಕ್ಕೆ ಬೇಕಾದದ್ದು ತೆರೆದ ಹುಲ್ಲುಗಾವಲು. ಎರೆಭೂತ ಎಂದು ಹಳ್ಳಿಗರು ಕರೆಯುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಕೂಡ ಬಯಲಿನ ಹಕ್ಕಿಯೇ. ಇಂತಹ ಪ್ರದೇಶದಲ್ಲಿ ಮಕ್ಕಳಿಂದ ಸಸಿ ನೆಡಿಸುವುದೆಂದರೆ ಆ ಜೀವಿಗಳ ಮನೆಯನ್ನು ಅವರ ಕೈಯಿಂದಲೇ ಮುಚ್ಚಿಸಿದಂತೆ.

ಕೆರೆಗಳ ವಿಷಯವೂ ಇದೇ. ದಡದುದ್ದಕ್ಕೂ ಕಲ್ಲು ಕಟ್ಟಿ, ನೀರನ್ನು ಒಂದೇ ಆಳಕ್ಕೆ ನಿಲ್ಲಿಸಿದರೆ ನಡಿಗೆದಾರರಿಗೆ ಅನುಕೂಲ. ಕೆಸರಿನಲ್ಲಿ ಹುಳು ಹೆಕ್ಕುವ ಹಕ್ಕಿಗಳಿಗೆ ಇಳಿಜಾರಾದ ದಡ, ಆಳವಿಲ್ಲದ ನೀರು, ಅಂಚಿನ ಜೊಂಡು ಅಗತ್ಯ.

ಶಾಲೆಗಳು ಏನು ಮಾಡಬಹುದು?

* ಮೊದಲು ದಾಖಲೆ, ಅನಂತರ ಕೆಲಸ. ಆಯ್ದ ಕೆರೆ, ಗೋಮಾಳ ಅಥವಾ ಶಾಲೆಯ ಆವರಣದಲ್ಲಿ ಒಂದು ವರ್ಷ ಕಾಣುವ ಸಸ್ಯ, ಹಕ್ಕಿ, ಚಿಟ್ಟೆಗಳನ್ನು ಬರೆದಿಡಬೇಕು. ‘ಸೀಸನ್‌ವಾಚ್’ ಯೋಜನೆಯಲ್ಲಿ ಮಕ್ಕಳು ಒಂದೇ ಮರದ ಚಿಗುರು, ಹೂವು, ಕಾಯಿಗಳನ್ನು ವಾರವಾರ ಗಮನಿಸಿ ದಾಖಲಿಸುವುದು ಇದಕ್ಕೆ ಮಾದರಿ.
* ಸ್ಥಳೀಯ ಸಸ್ಯಗಳಿಗೆ ಆದ್ಯತೆ. ಅತ್ತಿ, ಆಲ, ಬಸರಿಯ ಹಣ್ಣುಗಳು ಅನೇಕ ಹಕ್ಕಿಗಳಿಗೆ ಆಹಾರ. ಜಾಗ ಕಡಿಮೆ ಇರುವ ನಗರದ ಶಾಲೆಯಲ್ಲಿ ಎಕ್ಕ, ಕರಿಬೇವು, ನಿಂಬೆ ಬೆಳೆಸಿದರೂ ಸಾಕು. ಕೆಲವು ಚಿಟ್ಟೆಗಳ ಮರಿಹುಳುಗಳು ಇವುಗಳ ಎಲೆ ತಿಂದೇ ಬೆಳೆಯುತ್ತವೆ.
* ಕಳೆ ನಿವಾರಣೆ. ಬ್ರಿಟಿಷರ ಕಾಲದಲ್ಲಿ ಅಲಂಕಾರಕ್ಕೆಂದು ಬಂದ ಲಂಟಾನ ಇಂದು ಕಾಡಿನ ಹುಲ್ಲನ್ನು ಅಡಗಿಸಿದೆ. ಬುಡಸಹಿತ ಕೀಳದಿದ್ದರೆ ಅದು ಮತ್ತೆ ಚಿಗುರುತ್ತದೆ. ಕಿತ್ತ ಜಾಗದಲ್ಲಿ ಸ್ಥಳೀಯ ಹುಲ್ಲು, ಸಸಿ ಬೆಳೆಸಿ ಕೆಲವು ವರ್ಷ ಕಾಯಬೇಕು.
* ರಜೆಯ ಹೊಣೆ. ನೆಡುವ ದಿನವೇ ಬೇಸಿಗೆಯಲ್ಲಿ ನೀರೆರೆಯುವವರ ಸರದಿ ಪಟ್ಟಿ ಸಿದ್ಧವಾಗಬೇಕು. ಪೋಷಕರು, ಶಾಲಾಭಿವೃದ್ಧಿ ಸಮಿತಿ, ಗ್ರಾಮ ಪಂಚಾಯಿತಿ ಇದರಲ್ಲಿ ಸೇರಬೇಕು. ನೂರು ಸಸಿ ನೆಟ್ಟು ಮರೆಯುವುದಕ್ಕಿಂತ ಹತ್ತು ಸಸಿ ಉಳಿಸುವುದು ಲೇಸು.

ಎಚ್ಚರಿಕೆಗಳು

ಕಾಂಗ್ರೆಸ್ ಗಿಡವೆಂದು ಹೆಸರಾದ ಪಾರ್ಥೇನಿಯಂ ಚರ್ಮದ ಅಲರ್ಜಿ ಮತ್ತು ಉಬ್ಬಸಕ್ಕೆ ಕಾರಣವಾಗುತ್ತದೆ. ಮಕ್ಕಳಿಂದ ಅದನ್ನು ಬರಿಗೈಯಲ್ಲಿ ಕೀಳಿಸಕೂಡದು. ಆಳದ ನೀರಿನ ಬಳಿ ಹಿರಿಯರ ಮೇಲ್ವಿಚಾರಣೆ ಕಡ್ಡಾಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಸಂರಕ್ಷಿತ ಪಕ್ಷಿಗಳ ಗೂಡು, ಮೊಟ್ಟೆಗಳಿಗೂ ರಕ್ಷಣೆ ನೀಡುತ್ತದೆ. ಆದ್ದರಿಂದ ಬಿದ್ದ ಮರಿ ಕಂಡಾಗ ಅರಣ್ಯ ಸಿಬ್ಬಂದಿಗೆ ತಿಳಿಸುವುದನ್ನು ಮಕ್ಕಳಿಗೆ ಕಲಿಸಬೇಕು. ಅಭಯಾರಣ್ಯದೊಳಗೆ ಯಾವುದೇ ಕೆಲಸಕ್ಕೂ ಇಲಾಖೆಯ ಅನುಮತಿ ಬೇಕು.

ಮಕ್ಕಳ ಶ್ರಮದಿಂದ ಅರಣ್ಯ ಇಲಾಖೆಯ ಹೊಣೆ ಇಳಿಯುವುದಿಲ್ಲ, ಇಳಿಯಲೂಬಾರದು. ಆದರೆ ಊರ ಕೆರೆಯಲ್ಲಿ ಯಾವ ಹಕ್ಕಿ ಯಾವ ತಿಂಗಳು ಬರುತ್ತದೆಂದು ಬಲ್ಲ ವಿದ್ಯಾರ್ಥಿ ಮುಂದೆ ಮತದಾರನಾದಾಗ, ಆ ಕೆರೆ ಬಡಾವಣೆಯಾಗುವ ಪ್ರಸ್ತಾವ ಬಂದರೆ ಸುಮ್ಮನೆ ಕೂರುವ ಸಂಭವ ಕಡಿಮೆ. ಶಾಲೆಗಳ ಈ ಕೆಲಸದಿಂದ ದೊರೆಯುವ ದೀರ್ಘಕಾಲದ ಫಲ ಇದೇ.