ಕೊಟ್ಟೆಯಿಂದ ಮೈಲುತುತ್ತಿನವರೆಗೆ

ಹಿಂದೆ ಬೆಂಕಿಪುರವೆಂದು ಹೆಸರಾಗಿದ್ದ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆಗೆ ತೊಡಗಿದ ವೃತ್ತಾಂತವನ್ನು ನಾಡು ಅಭಿಮಾನದಿಂದ ಸ್ಮರಿಸುತ್ತದೆ. ಅದಕ್ಕೂ ಒಂದು ದಶಕದಷ್ಟು ಮುಂಚೆ ಅದೇ ಸಂಸ್ಥಾನವು ಮಲೆನಾಡಿನ ಅಡಿಕೆತೋಟಗಳಲ್ಲಿ ಕೈಗೊಂಡ ಕೃಷಿವಿದ್ಯಾಪ್ರಸಾರದ ಕಥೆಯಾದರೋ ಅಷ್ಟಾಗಿ ಪ್ರಚುರವಾಗಿಲ್ಲ. ಕಾರ್ಖಾನೆಯ ಯಂತ್ರವು ಒಂದೆಡೆ ಸ್ಥಾಪಿತವಾದರೆ ಜನರೇ ಅದರ ಬಳಿಗೆ ಬರುತ್ತಾರೆ. ಕೃಷಿವಿಜ್ಞಾನವಾದರೋ ಒಬ್ಬೊಬ್ಬ ರೈತನ ತೋಟಕ್ಕೂ ತಾನೇ ನಡೆದುಹೋಗಿ, ಅಲ್ಲಿ ದುಡಿಯುವ ಕೈಗಳಿಗೆ ಒಗ್ಗಬೇಕಾಗುತ್ತದೆ.

ಮುಂಗಾರು ಎಡೆಬಿಡದೆ ಸುರಿಯುವ ಈ ಸೀಮೆಯಲ್ಲಿ, ಎಳೆಯ ಅಡಿಕೆ ಕೊಳೆತು ಉದುರುವ ಕೊಳೆರೋಗವು ಬೆಳೆಗಾರರ ಪರಂಪರಾಗತ ವೈರಿ. ಅಡಿಕೆಯ ಕೊನೆಗಳಿಗೆ, ಎಂದರೆ ಗೊನೆಗಳಿಗೆ, ಹಾಳೆಯಿಂದಲೋ ಹುಲ್ಲಿನಿಂದಲೋ ಮಾಡಿದ ಕೊಟ್ಟೆಯನ್ನು ಕಟ್ಟಿ ಮಳೆಯನ್ನು ತಡೆಯುವುದೇ ಅವರು ಬಲ್ಲ ಪರಿಹಾರವಾಗಿತ್ತು. 1908ರಲ್ಲಿ ಸಂಸ್ಥಾನದ ಸೇವೆಗೆ ಸೇರಿದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಈ ವ್ಯಾಧಿಗೆ ಶಿಲೀಂಧ್ರವೇ ಕಾರಣವೆಂದು ನಿರೂಪಿಸಿ, 1910ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿತೋಟಗಳಿಗಾಗಿ 1885ರಲ್ಲಿ ಸಸ್ಯವಿಜ್ಞಾನಿ ಮಿಲಾರ್ದೆ ಪ್ರಚುರಪಡಿಸಿದ್ದ ಬೋರ್ಡೋ ದ್ರಾವಣವೇ ಇಲ್ಲಿಯೂ ಔಷಧಿಯಾಯಿತು.

ಶೇಕಡಾ 1ರ ದ್ರಾವಣಕ್ಕೆ 100 ಲೀಟರು ನೀರು, 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟು), 1 ಕಿಲೋ ಸುಣ್ಣ ಸಾಕು. ಮಿಶ್ರಣದಲ್ಲಿ ಅದ್ದಿದ ಕತ್ತಿಯ ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದರ್ಥ. ಪ್ರಯೋಗಶಾಲೆಯ ಪರೀಕ್ಷೆಯೊಂದು ಹೀಗೆ ರೈತನ ಸೊಂಟದ ಕತ್ತಿಯಿಂದಲೇ ನೆರವೇರಿತು. ಮಳೆಗಾಲದ ಆರಂಭದಲ್ಲೊಮ್ಮೆ, 40-45 ದಿನಗಳ ಬಳಿಕ ಮತ್ತೊಮ್ಮೆ ಔಷಧಿ ಹೊಡೆಯಬೇಕು. ಹೊಸ ತಳಿಯಾಗಲಿ, ಹೊಸ ಭೂಮಿಯಾಗಲಿ ಬೇಕಾಗಲಿಲ್ಲ. ಕೊಟ್ಟೆ ಕಟ್ಟಲು ಮರವೇರುತ್ತಿದ್ದ ಕೊನೆಗಾರನೇ ಔಷಧಿಯನ್ನೂ ಹೊಡೆಯಬಲ್ಲವನಾದನು. ಫಲವು ಅದೇ ವರ್ಷ ಕಣ್ಣಿಗೆ ಕಾಣುವಂತಿದ್ದುದರಿಂದ ಉಪದೇಶಕ್ಕಿಂತ ನೆರೆಯವನ ತೋಟವೇ ಹೆಚ್ಚು ಮನವೊಲಿಸಬಲ್ಲುದಾಗಿತ್ತು.

ಮುಂದೆ ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಬಂದ ಬದಲಾವಣೆ ಬೇರೊಂದು ತೆರನಾದುದು. 186 ಅಡಿ ತುಂಬುವ ಆ ಜಲಾಶಯದ ನೀರು ಭದ್ರಾವತಿಯ ಬಯಲಿಗೆ ಭತ್ತ, ಕಬ್ಬುಗಳನ್ನು ವಿಸ್ತಾರವಾಗಿ ತಂದಿತಾದರೂ, ಅದರ ಪ್ರಯೋಜನವು ನಾಲೆಯ ಕೆಳಗೆ ಗದ್ದೆಯುಳ್ಳವರಿಗಷ್ಟೇ ಮೀಸಲು. ಇನ್ನು ತೋಟಗಳ ಮಾತಿಗೆ ಮರಳಿದರೆ, ಶಿವಮೊಗ್ಗದ ನವುಲೆಯಲ್ಲಿ ಕೃಷಿ ಕಾಲೇಜು, 2012ರಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಸ್ಥಾಪಿತವಾಗಿ, ವಿದ್ಯೆಯ ನೆಲೆಯೇನೋ ತೋಟಗಳಿಗೆ ಸಮೀಪವಾಯಿತು. ಆದರೆ ಮರವೇರುವ ಕೊನೆಗಾರರೇ ವಿರಳವಾಗುತ್ತಿರಲು, ನೆಲದ ಮೇಲೆ ನಿಂತೇ ಔಷಧಿ ಹೊಡೆಯುವ ಉದ್ದನೆಯ ಫೈಬರ್ ದೋಟಿಗಳು ಈಗ ತೋಟಗಳನ್ನು ಪ್ರವೇಶಿಸಿವೆ. ದ್ರಾವಣ ಶತಮಾನದ ಹಿಂದಿನದೇ. ಬದಲಾದುದು ಅದನ್ನು ಹೊಡೆಯುವ ಕೈ. ಆದಕಾರಣ ರೈತನಿಗೆ ಹೊಸ ವಿದ್ಯೆಯನ್ನು ಕೊಡಬಯಸುವವರು, ಅದು ಎಷ್ಟು ಉತ್ಕೃಷ್ಟವೆಂಬುದಕ್ಕಿಂತ ಮೊದಲು, ಯಾರ ದುಡಿಮೆಯಿಂದ ನಡೆಯಬೇಕೆಂಬುದನ್ನು ವಿಚಾರಿಸತಕ್ಕದ್ದು.