ಬೌರಾನ್ ವಾದ್ಯದ ಅಭ್ಯಾಸಕ್ರಮ: ಐರಿಷ್ ಸಂಪ್ರದಾಯ ಸಂಗೀತದಲ್ಲಿ ಒಂದು ಐತಿಹಾಸಿಕ ವಿಚಾರ

ಐರ್ಲೆಂಡಿನ ಸಂಪ್ರದಾಯ ಸಂಗೀತದ ಲಾಂಛನಗಳೆಂಬಂತೆ ಇಂದು ಪರಿಗಣಿತವಾಗಿರುವ ವಾದ್ಯಗಳಲ್ಲಿ ಬೌರಾನ್ ಎಂಬ ಚರ್ಮವಾದ್ಯವೂ ಒಂದು. ಬಾಗಿಸಿದ ಮರದ ಪಟ್ಟಿಯಿಂದಾದ ಬಳೆಗೆ ಒಂದು ಮಗ್ಗುಲಲ್ಲಿ ಆಡಿನ ಚರ್ಮವನ್ನು ಬಿಗಿದು, ಇನ್ನೊಂದು ಮಗ್ಗುಲನ್ನು ತೆರೆದೇ ಬಿಟ್ಟು ಇದನ್ನು ನಿರ್ಮಿಸುತ್ತಾರೆ. ರೂಪದಲ್ಲಿ ಇದು ನಮ್ಮ ತಮಟೆಯ ವರ್ಗಕ್ಕೆ ಸೇರಿದುದು. ಈ ವಾದ್ಯವು ಅತಿ ಪ್ರಾಚೀನವಾದುದೆಂದೂ, ಕೆಲ್ಟಿಕ್ ಜನಾಂಗದ ಆದಿಕಾಲದಿಂದ ಅವಿಚ್ಛಿನ್ನವಾಗಿ ನಡೆದುಬಂದಿದೆಯೆಂದೂ ಹೇಳುವ ವಾಡಿಕೆಯುಂಟು. ಈ ಮಾತು ಎಷ್ಟರಮಟ್ಟಿಗೆ ಸಾಧುವಾದುದು? ವಾದ್ಯದ ಪ್ರಾಚೀನತೆಯ ಪ್ರಶ್ನೆಗಿಂತ, ಅದನ್ನು ಕಲಿಯುವ ಕ್ರಮವು ಯಾವಾಗ, ಯಾವ ಅವಶ್ಯಕತೆಯಿಂದ ಹುಟ್ಟಿತೆಂಬ ಪ್ರಶ್ನೆಯೇ ಹೆಚ್ಚು ಫಲಕಾರಿಯೆಂದು ನಾವು ಭಾವಿಸುತ್ತೇವೆ. ಅದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ಐರಿಷ್ ಭಾಷೆಯ ‘ಬೌರ್’ ಎಂಬ ಶಬ್ದಕ್ಕೆ ಕಿವುಡು, ಮಂಕಾದ ದನಿಯುಳ್ಳದ್ದು ಎಂಬ ಅರ್ಥಗಳಿವೆ. ವಾದ್ಯದ ಹೆಸರು ಇದರಿಂದ ಬಂದುದೆಂಬುದು ಸಾಮಾನ್ಯವಾಗಿ ಅಂಗೀಕೃತವಾದ ಅಭಿಪ್ರಾಯ. ಆದರೆ ಹಳ್ಳಿಗಳಲ್ಲಿ ಇದೇ ಆಕಾರದ, ಚರ್ಮ ಹೊದಿಸಿದ ಮೊರವೊಂದು ಧಾನ್ಯವನ್ನು ತೂರುವುದಕ್ಕೂ ಹೊರುವುದಕ್ಕೂ ಬಳಕೆಯಲ್ಲಿತ್ತು. ಚರ್ಮದಲ್ಲಿ ರಂಧ್ರಗಳನ್ನು ಮಾಡಿದರೆ ಅದೇ ಜರಡಿಯಾಗುತ್ತಿತ್ತು. ಮೊರವು ವಾದ್ಯವಾಯಿತೋ ಅಥವಾ ವಾದ್ಯವೂ ಮೊರವೂ ಬೇರೆ ಬೇರೆಯಾಗಿ ಬೆಳೆದುವೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಅಂತು ಮನೆಯ ಉಪಕರಣಕ್ಕೂ ವಾದ್ಯಕ್ಕೂ ರಚನೆಯಲ್ಲಿದ್ದ ಭೇದವು ಅತ್ಯಲ್ಪವೆಂಬುದು ಸ್ಪಷ್ಟ. ಇಂತಹ ವಸ್ತುವಿನ ಪ್ರಾಚೀನತೆಯಿಂದ ಅದರ ವಾದನಕಲೆಯೂ ಪ್ರಾಚೀನವೆಂದು ತೀರ್ಮಾನಿಸುವುದು ಯುಕ್ತವಾಗಲಾರದು.

ಇನ್ನು ಬಳಕೆಯ ಸಂದರ್ಭ. ಚಿತ್ರಕಾರನಾದ ಡೇನಿಯಲ್ ಮಕ್ಲೀಸನು ೧೮೩೩ರಲ್ಲಿ ಪ್ರದರ್ಶಿಸಿದ ‘ಸ್ನ್ಯಾಪ್ ಆಪಲ್ ನೈಟ್’ ಎಂಬ ಚಿತ್ರದಲ್ಲಿ, ಹಬ್ಬದ ರಾತ್ರಿ ನೆರೆದ ಹಳ್ಳಿಗರ ನಡುವೆ ಟ್ಯಾಂಬರೀನ್ ನುಡಿಸುವವನೊಬ್ಬನು ಕಾಣಿಸುತ್ತಾನೆ. ೧೯೨೦ರ ದಶಕದಲ್ಲಿ ಅಮೆರಿಕದಲ್ಲಿ ನೆಲಸಿದ್ದ ಐರಿಷ್ ವಾದಕರ ಧ್ವನಿಮುದ್ರಿಕೆಗಳಲ್ಲಿಯೂ ಕೊಳಲಿನೊಡನೆ ಟ್ಯಾಂಬರೀನಿನ ದನಿ ಕೇಳಿಬರುತ್ತದೆ. ಆದರೆ ಬೌರಾನಿನ ಮುಖ್ಯ ಸಂದರ್ಭವು ವರ್ಷಕ್ಕೊಮ್ಮೆ ಬರುವಂತಹುದು. ಡಿಸೆಂಬರ್ ೨೬ರ ಸಂತ ಸ್ಟೀಫನ್ನನ ದಿನದಂದು ‘ರೆನ್ ಹುಡುಗರು’ ಎಂಬ ವೇಷಧಾರಿಗಳ ತಂಡವು, ರೆನ್ ಎಂಬ ಪುಟ್ಟ ಹಕ್ಕಿಯ ಹೆಸರಿನಲ್ಲಿ ಮನೆಮನೆಗೆ ಹೋಗಿ ಹಾಡಿ ಕುಣಿದು ಹಣ ಬೇಡುವ ಪದ್ಧತಿ ಅಲ್ಲಿ ಇತ್ತು. ಕೆಲವು ಕಡೆ ಇಂದಿಗೂ ಇದೆ. ಕೆರ್ರಿ, ಲಿಮರಿಕ್ ಮೊದಲಾದ ಪ್ರಾಂತಗಳಲ್ಲಿ ಆ ಮೆರವಣಿಗೆಯ ಗದ್ದಲಕ್ಕೆ ಬೌರಾನ್ ಆಧಾರವಾಗಿತ್ತು. ಆಡಿನ ಚರ್ಮವನ್ನು ಸುಣ್ಣದಲ್ಲಿ ನೆನೆಸಿ, ಕೂದಲು ತೆಗೆದು, ಬಳೆಗೆ ಮೊಳೆ ಹೊಡೆದು ಬಿಗಿಯುತ್ತಿದ್ದರು. ತೇವದಿಂದ ಚರ್ಮ ಸಡಿಲವಾದರೆ ಒಲೆಯ ಮುಂದೆ ಹಿಡಿದು ಕಾಯಿಸುತ್ತಿದ್ದರು. ಇಂತಹ ವಾದನಕ್ಕೆ ಗುರುವೂ ಬೇಕಿರಲಿಲ್ಲ, ಪಾಠವೂ ಬೇಕಿರಲಿಲ್ಲ. ಹಿರಿಯರು ಬಾರಿಸುವುದನ್ನು ಕಂಡು ಕಿರಿಯರು ಬಾರಿಸುತ್ತಿದ್ದರು. ನಡಿಗೆಗೆ ಹೊಂದುವ ಬಲವಾದ ಪೆಟ್ಟು ಬಿದ್ದರೆ ಸಾಕಾಗಿತ್ತು.

ಈ ಸ್ಥಿತಿಯು ಕೆಲವೇ ವರ್ಷಗಳಲ್ಲಿ ಮಾರ್ಪಟ್ಟಿತು. ೧೯೫೯ರಲ್ಲಿ ಲಿಸ್ಟೋಲ್ ಪಟ್ಟಣದ ಹವ್ಯಾಸಿ ನಟರು ಜಾನ್ ಬಿ. ಕೀನ್ ಅವರ ‘ಸೈವ್’ ನಾಟಕವನ್ನು ಪ್ರಯೋಗಿಸಿದರು. ಅದರಲ್ಲಿ ಅಲೆಮಾರಿ ಪಾತ್ರಗಳು ಬೌರಾನ್ ಬಾರಿಸುತ್ತ ಹಾಡುವುದರಿಂದ ವಾದ್ಯವು ರಂಗಭೂಮಿಯ ಮೂಲಕ ನಗರವಾಸಿಗಳ ಗಮನಕ್ಕೆ ಬಂದಿತು. ೧೯೬೦ರ ಸುಮಾರಿನಲ್ಲಿ ಸಂಗೀತ ರಚನಕಾರರಾದ ಶಾನ್ ಓ ರಿಯಾಡ ಅವರು (೧೯೩೧–೧೯೭೧) ‘ಕ್ಯೋಲ್ತೋರಿ ಹೂಲನ್’ ಎಂಬ ಮೇಳವನ್ನು ಕಟ್ಟಿ, ಅದರಲ್ಲಿ ಬೌರಾನಿಗೆ ಸ್ಥಾನ ಕೊಟ್ಟುದಲ್ಲದೆ ಸ್ವತಃ ನುಡಿಸಿದರು. ಅಂದಿನ ಕೇಲಿ ನೃತ್ಯಮೇಳಗಳಲ್ಲಿ ತಾಳಕ್ಕಾಗಿ ಬಳಕೆಯಲ್ಲಿದ್ದುದು ಜಾಜ್ ಮೇಳಗಳಿಂದ ಬಂದ ಡ್ರಮ್ಮುಗಳ ಜೋಡಣೆ. ೧೯೬೨ರ ರೇಡಿಯೋ ಉಪನ್ಯಾಸಮಾಲೆಯಲ್ಲಿ ಆ ಮೇಳಗಳನ್ನು ಕಟುವಾಗಿ ಟೀಕಿಸಿದ ಓ ರಿಯಾಡರಿಗೆ, ದೇಶೀಯವೆಂದು ಹೇಳಿಕೊಳ್ಳಬಹುದಾದ ಒಂದು ತಾಳವಾದ್ಯವು ಅವಶ್ಯವಾಗಿತ್ತು. ೧೯೬೨ರಲ್ಲಿ ಪ್ಯಾಡಿ ಮೊಲೋನಿ ಅವರು ಸ್ಥಾಪಿಸಿದ ‘ಚೀಫ್ಟನ್ಸ್’ ಮೇಳವು ಈ ಮಾದರಿಯನ್ನು ದೇಶವಿದೇಶಗಳಿಗೆ ಕೊಂಡೊಯ್ದಿತು. ಪೀಡರ್ ಮರ್ಸಿಯರ್ ಅವರು ಈ ಎರಡೂ ಮೇಳಗಳಲ್ಲಿ ಬೌರಾನ್ ನುಡಿಸಿದವರು. ಹೀಗೆ ಬೀದಿಯ ವಾದ್ಯವು ಕುಳಿತು ಕೇಳುವ ಸಭೆಯ ವಾದ್ಯವಾಯಿತು.

ಅಭ್ಯಾಸಕ್ರಮದ ಪ್ರಶ್ನೆ ಹುಟ್ಟಿದುದು ಇಲ್ಲಿಯೇ. ಬೀದಿಯಲ್ಲಿ ಸಲ್ಲುತ್ತಿದ್ದ ಪೆಟ್ಟು ಪಿಟೀಲು, ಕೊಳಲುಗಳ ಪಕ್ಕದಲ್ಲಿ ಸಲ್ಲದು. ಐರಿಷ್ ಸಂಪ್ರದಾಯ ಸಂಗೀತವು ಪ್ರಧಾನವಾಗಿ ಏಕಸ್ವರಪಂಕ್ತಿಯ ಸಂಗೀತ. ಎಲ್ಲ ವಾದಕರೂ ಒಂದೇ ಮಟ್ಟನ್ನು ನುಡಿಸುತ್ತಾರೆ. ಲಯವು ಆ ಮಟ್ಟಿನೊಳಗೇ ಅಡಗಿದೆ. ತಾಳವಾದ್ಯದ ನೆರವಿಲ್ಲದೆಯೇ ಈ ಸಂಗೀತವು ಕುಣಿತಕ್ಕೆ ಒದಗುತ್ತಿದ್ದಿತೆಂಬುದನ್ನು ಮರೆಯಲಾಗದು. ಆದ್ದರಿಂದ ಹೊಸದಾಗಿ ಬಂದ ಬೌರಾನ್ ವಾದಕನು ಲಯವನ್ನು ವಿಧಿಸುವವನಲ್ಲ, ಆಗಲೇ ಇರುವ ಲಯವನ್ನು ಅನುಸರಿಸುವವನು.

ಇದನ್ನು ಕೈಯ ಕ್ರಮದಿಂದ ವಿಶದಪಡಿಸಬಹುದು. ವಾದ್ಯವನ್ನು ಎಡತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಎಡಗೈಯನ್ನು ತೆರೆದ ಮಗ್ಗುಲಿನಿಂದ ಒಳಗಿಟ್ಟು ಚರ್ಮಕ್ಕೆ ಆನಿಸುತ್ತಾರೆ. ಬಲಗೈಯಲ್ಲಿ ಗೇಣುದ್ದದ ಕಡ್ಡಿಯನ್ನು ಲೇಖನಿಯಂತೆ ಹಿಡಿದು, ಬೆರಳಿಗಂಟಿದ ನೀರನ್ನು ಕೊಡಹುವಂತೆ ಮಣಿಕಟ್ಟನ್ನು ತಿರುಗಿಸಿದರೆ ಕೆಳಮುಖ ಮತ್ತು ಮೇಲ್ಮುಖ ಪೆಟ್ಟುಗಳು ಒಂದರ ನಂತರ ಒಂದು ಬೀಳುತ್ತವೆ. ನಮ್ಮ ಛಂದಸ್ಸಿನ ಪರಿಭಾಷೆಯಲ್ಲಿ ಹೇಳುವುದಾದರೆ, ‘ರೀಲ್’ ಎಂಬ ಕುಣಿತದ ಮಟ್ಟು ನಾಲ್ಕು ಮಾತ್ರೆಗಳ ಗಣಗಳಿಂದಲೂ ‘ಜಿಗ್’ ಎಂಬುದು ಮೂರು ಮಾತ್ರೆಗಳ ಗಣಗಳಿಂದಲೂ ಆದುದು. ನಾಲ್ಕು ಸಮಸಂಖ್ಯೆಯಾದುದರಿಂದ ರೀಲಿನಲ್ಲಿ ಪ್ರತಿ ಗಣದ ಮೊದಲ ಮಾತ್ರೆಗೂ ಕೆಳಮುಖದ ಪೆಟ್ಟೇ ಬರುತ್ತದೆ. ಜಿಗ್ಗಿನಲ್ಲಿ ಹಾಗಲ್ಲ. ಮೊದಲ ಗಣವು ಕೆಳಮುಖದ ಪೆಟ್ಟಿನಿಂದ ಆರಂಭವಾದರೆ ಎರಡನೆಯದು ಮೇಲ್ಮುಖದ ಪೆಟ್ಟಿನಿಂದ ಆರಂಭವಾಗುತ್ತದೆ. ಮೇಲ್ಮುಖದ ಪೆಟ್ಟಿಗೂ ಸಮಾನವಾದ ಒತ್ತು ಬರುವಂತೆ ಕೈಯನ್ನು ಸಾಧಿಸುವುದೇ ಆರಂಭದ ವಿದ್ಯಾರ್ಥಿಯ ದೊಡ್ಡ ತೊಡಕು. ಇದನ್ನು ತಪ್ಪಿಸಲು ಪ್ರತಿ ಗಣವನ್ನೂ ಕೆಳಮುಖದ ಪೆಟ್ಟಿನಿಂದಲೇ ತೊಡಗುವ ಪಾಠವನ್ನು ಹೇಳುವ ಬೋಧಕರೂ ಉಂಟು. ಕಡ್ಡಿಯ ಎರಡು ತುದಿಗಳನ್ನೂ ಬಳಸುವ, ಒಂದೇ ತುದಿಯನ್ನು ಬಳಸುವ, ಬರಿಗೈಯಿಂದಲೇ ನುಡಿಸುವ ಶೈಲಿಗಳು ಬೇರೆ ಬೇರೆ.

ಕೈಚಳಕವು ಕಲಿಕೆಯ ಅರ್ಧಭಾಗ ಮಾತ್ರ. ಈ ಮಟ್ಟುಗಳು ಸಾಮಾನ್ಯವಾಗಿ ಎರಡು ಖಂಡಗಳುಳ್ಳವು. ಒಂದೊಂದು ಖಂಡವೂ ಎಂಟು ತಾಳಘಟಕಗಳಷ್ಟಿದ್ದು ಎರಡೆರಡು ಸಲ ಬರುವುದರಿಂದ, ಮಟ್ಟಿನ ಒಂದು ಸುತ್ತಿಗೆ ೩೨ ಘಟಕಗಳಾಗುತ್ತವೆ. ಖಂಡವು ತಿರುಗುವ ಸ್ಥಳವನ್ನರಿಯದೆ ಬಾರಿಸುವವನು ಮಾತ್ರೆ ತಪ್ಪದಿದ್ದರೂ ಮೇಳಕ್ಕೆ ಹೊರಗಿನವನಾಗಿಯೇ ಉಳಿಯುತ್ತಾನೆ. ಆದಕಾರಣ ಮೊದಲು ಮಟ್ಟುಗಳನ್ನು ಬಾಯಲ್ಲಿ ಗುನುಗುವಷ್ಟು ಕೇಳಿ, ಆಮೇಲೆ ಕಡ್ಡಿ ಹಿಡಿಯಬೇಕೆಂಬುದೂ, ಒಂದು ಕೂಟದಲ್ಲಿ ಒಂದಕ್ಕಿಂತ ಹೆಚ್ಚು ಬೌರಾನುಗಳು ಏಕಕಾಲದಲ್ಲಿ ನುಡಿಯಬಾರದೆಂಬುದೂ ವಾದಕರಲ್ಲಿ ಅಲಿಖಿತ ನಿಯಮಗಳಾಗಿ ನೆಲೆಗೊಂಡುವು. ಬೌರಾನ್ ನುಡಿಸಲು ಚಾಕುವಿಗಿಂತ ಉತ್ತಮ ಸಾಧನವಿಲ್ಲವೆಂಬ ಹಾಸ್ಯೋಕ್ತಿಯೊಂದು ಪ್ರಸಿದ್ಧ ಪೈಪ್ ವಾದಕರೂ ಸಂಗ್ರಾಹಕರೂ ಆಗಿದ್ದ ಶೇಮಸ್ ಎನಿಸ್ ಅವರ (೧೯೧೯–೧೯೮೨) ಹೆಸರಿನಲ್ಲಿ ಪ್ರಚಾರದಲ್ಲಿದೆ. ಇದನ್ನು ಕೇವಲ ಕುಚೋದ್ಯವೆಂದು ತಳ್ಳಿಹಾಕಲಾಗದು. ಕಲಿಯದೆ ಬಾರಿಸುವವರ ಸಂಖ್ಯೆ ಹೆಚ್ಚಿದಾಗ ಮಟ್ಟಿನ ವಾದಕರು ಅನುಭವಿಸಿದ ಕಷ್ಟಕ್ಕೆ ಅದು ಸಾಕ್ಷಿ.

ಮುಂದಿನ ಬೆಳವಣಿಗೆಯನ್ನು ಸಂಕ್ಷೇಪವಾಗಿ ಸೂಚಿಸುತ್ತೇವೆ. ೧೯೭೦ರ ದಶಕದಲ್ಲಿ ‘ಡಿ ಡನನ್’ ಮೇಳದ ಜಾನಿ ಮೆಕ್‌ಡೊನಾ ಅವರ ವಾದನದಲ್ಲಿ ಎಡಗೈಯ ಒತ್ತಡದಿಂದ ನಾದದ ಏರಿಳಿತವನ್ನು ತರುವ ಕ್ರಮವೂ ಬಳೆಯ ಅಂಚಿನ ಮೇಲಿನ ಪೆಟ್ಟೂ ಪ್ರಸಿದ್ಧಿ ಪಡೆದುವು. ವಿದ್ವಾಂಸರಾದ ಮೀಹಾಲ್ ಓ ಸೂಲಿವಾನ್ ಅವರ ಬೋಧನಗ್ರಂಥವು ೧೯೮೪ರಲ್ಲಿ ಹೊರಬಂದು, ಕಂಡು ಕಲಿಯುವ ವಿದ್ಯೆಯು ಲಿಪಿಗಿಳಿಯಿತು. ೧೯೫೧ರಲ್ಲಿ ಸ್ಥಾಪಿತವಾದ ‘ಕೋಲ್ತಸ್ ಕ್ಯೋಲ್ತೋರಿ ಏರನ್’ ಸಂಸ್ಥೆಯ ‘ಫ್ಲಾ’ ಉತ್ಸವಗಳಲ್ಲಿ ಬೌರಾನಿಗೂ ಸ್ಪರ್ಧೆ ಏರ್ಪಟ್ಟಿತು. ತಿರುಪುಗಳಿಂದ ಶ್ರುತಿಯನ್ನು ಹೊಂದಿಸಬಲ್ಲ, ಬಳೆ ಆಳವಾಗಿ ಮುಖ ಕಿರಿದಾದ ವಾದ್ಯಗಳು ಬಂದ ಮೇಲೆ ಒಲೆಯ ಶಾಖದ ಅವಶ್ಯಕತೆಯೂ ತಪ್ಪಿತು.

ಈ ಸಂಗತಿಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರೆ, ಬೌರಾನಿನ ವಿಷಯದಲ್ಲಿ ‘ಪ್ರಾಚೀನ’ ಎಂಬ ವಿಶೇಷಣವು ವಸ್ತುವಿಗೆ ಒಂದಿಷ್ಟು ಸಲ್ಲಬಹುದಾದರೂ ಅದರ ಕಲೆಗೆ ಸಲ್ಲುವುದಿಲ್ಲವೆಂಬುದು ವ್ಯಕ್ತವಾಗುತ್ತದೆ. ಇಂದು ವಿದ್ಯಾರ್ಥಿಯು ಕಲಿಯುವ ಪಾಠದ ಬಹುಭಾಗವು ೧೯೬೦ರಿಂದೀಚಿನದು. ಹಾಗೆಂದು ಅದನ್ನು ಸಂಪ್ರದಾಯಬಾಹ್ಯವೆನ್ನುವುದೂ ತಪ್ಪಾಗುತ್ತದೆ. ಕಾಲದಿಂದ ಕಿರಿದಾದ ಈ ಕಲೆಗೆ ಸಂಪ್ರದಾಯದಲ್ಲಿ ಸ್ಥಾನ ದೊರೆತದ್ದು ಕಲ್ಪಿತವಾದ ಪೂರ್ವಚರಿತ್ರೆಯಿಂದಲ್ಲ. ತನಗಿಂತ ಹಿರಿದಾದ ಮಟ್ಟುಗಳ ಶಿಸ್ತಿಗೆ ತನ್ನನ್ನು ಒಪ್ಪಿಸಿಕೊಂಡುದರಿಂದ. ಅನ್ಯದೇಶಗಳಲ್ಲಿ ಪುಸ್ತಕವನ್ನೂ ಧ್ವನಿಮುದ್ರಿಕೆಯನ್ನೂ ನೋಡಿ ಕಲಿಯುವವರು ಈಗ ಬಹಳ ಮಂದಿ. ಅವರು ಪೆಟ್ಟುಗಳನ್ನು ಸುಲಭವಾಗಿ ಪಡೆಯಬಲ್ಲರು. ಮಟ್ಟುಗಳ ಪರಿಚಯವನ್ನು ಹಾಗೆ ಪಡೆಯಲಾರರು. ಈ ಎರಡನೆಯದು ಕೈಬಿಟ್ಟುಹೋದರೆ ವಾದ್ಯವು ಉಳಿದರೂ ಅದನ್ನು ಸಂಪ್ರದಾಯಕ್ಕೆ ಸೇರಿಸಿದ ನಿಯಮವು ಉಳಿಯಲಾರದು. ಇತಿಹಾಸದ ವಿದ್ಯಾರ್ಥಿಗಳು ಜನಪದ ಕಲೆಗಳನ್ನು ಪರಿಶೀಲಿಸುವಾಗ ವಸ್ತುವಿನ ವಯಸ್ಸನ್ನೂ ಕಲಿಕೆಯ ವಯಸ್ಸನ್ನೂ ಬೇರೆ ಬೇರೆಯಾಗಿ ಎಣಿಸುವುದು ಅಗತ್ಯವೆಂದು ಸೂಚಿಸಿ ಈ ಲೇಖನವನ್ನು ಮುಗಿಸುತ್ತೇವೆ.